ಬೋರಲು ಹಾಕಿದ ಕಲ್ಲು

ಮರಳೂರಿನ ನಮ್ಮ ಮನೆಯ ಹತ್ತಿ ಹಾಸಿಗೆಗಳು ಗಂಟುಗಟ್ಟಿ ಮಲಗಲಾರದ ಹಾಗಾಗಿದ್ದವು. ಬಿಚ್ಚಿಸಿ, ಹತ್ತಿ ಹಿಂಜಿಸಿ ಮತ್ತೆ ಹೊಲಿಸೋಣವೆಂದು ಆಟೋದಲ್ಲಿ ಹಾಕಿಕೊಂಡು ಪೇಟೆಯ ಹಾಸಿಗೆ ಅಂಗಡಿಗೆ ಹೋದೆ. ಅಂಗಡಿಯ ಯಜಮಾನರು ಬಿಳಿ ಗಡ್ಡದ ಸಾಬರು, ವಯಸ್ಸಾದವರು. ಅಳತೆ ತೆಗೆಯುತ್ತಲೇ, "ಯಾವೂರಮ್ಮ ನಿಮ್ದು?" ಅಂದರು. ಹೆಬ್ಬೂರು ದಾಟಿ ಕುಣಿಗಲ್ ಕಡೆಗೆ ಹೋಗುವಾಗ ಒಳಗೆ ಸಿಗುವ ನಮ್ಮ ಹಳ್ಳಿಯ ಹೆಸರು ಹೇಳಿದೆ. ಟೇಪು ಹಿಡಿದಿದ್ದ ಕೈ ಅಲ್ಲೇ ನಿಂತಿತು.

"ನಮ್ದೂ ಅದೇ ಊರು ಕಣಮ್ಮ."

"ಇಲ್ಲ ಬಿಡಿ, ಬೇರೆ ಯಾವುದೋ ಇರಬೇಕು. ನಮ್ಮೂರಲ್ಲಿ ನಿಮ್ಮವರ ಮನೆ ಯಾವತ್ತೂ ಇರ್ಲಿಲ್ಲ," ಎಂದೆ.

ಅಷ್ಟು ಗಟ್ಟಿಯಾಗಿ ಹೇಳಲು ನನಗೆ ಕಾರಣವಿತ್ತು. ಟೀಚರ್ ಕೆಲಸದಿಂದ ನಿವೃತ್ತಳಾದ ಮೇಲೆ ನಾನು ಊರಿನ ಚರಿತ್ರೆ ಬರೆಯಲು ಕೂತಿದ್ದೆ. ಯಾರ ಮನೆತನ ಎಲ್ಲಿಂದ ಬಂತು, ಕೆರೆ ಯಾವಾಗ ಕೋಡಿ ಬಿತ್ತು, ಯಾವ ಹೊಲಕ್ಕೆ ಯಾಕೆ ಆ ಹೆಸರು ಎಂದು ಕೇಳಿಕೊಂಡು ಮನೆಮನೆ ತಿರುಗಿದ್ದೆ. ಕೆರೆಯ ಕೆಳಗೆ ನಮ್ಮದೇ ಒಂದು ತೆಂಗಿನ ತೋಟವಿದೆ, ಜನರ ಬಾಯಲ್ಲಿ ಪಂಜ್ರದಿಬ್ಬ. ಹಿಂದೆ ಯಾರೋ ಪಂಜರದಲ್ಲಿ ಹಕ್ಕಿ ಸಾಕಿದ್ದಿರಬಹುದು ಎಂದು ನಾನೇ ಊಹಿಸಿ ಬರೆದೂ ಬಿಟ್ಟಿದ್ದೆ.

ಅವರು ವಾದ ಮಾಡಲಿಲ್ಲ. "ನಮ್ಮ ತಾತ ಅಲ್ಲೇ ಹತ್ತಿ ಹಿಂಜ್ತಿದ್ದಿದ್ದು. ಪಿಂಜಾರರು ನಾವು. ದಾದೀನ, ಅಂದ್ರೆ ನಮ್ಮಪ್ಪನ ತಾಯೀನ, ಕೆರೆ ಕೆಳಗೆ ಒಂದು ದಿಬ್ಬದಲ್ಲಿ ಮಣ್ಣು ಮಾಡಿದ್ರಂತೆ. ತಲೆ ಕಡೆಗೆ ಒಂದು ಕಲ್ಲು, ಕಲ್ಲಿನ ನೆತ್ತಿ ಮೇಲೆ ಒಂದು ಹೂ. ನಮ್ಮಪ್ಪ ಸಾಯೋವರ್ಗೂ ಅದ್ನೇ ಹೇಳ್ತಿದ್ರು. ನಾನು ಒಂದ್ಸಲ ಹೋಗಿ ಹುಡುಕ್ದೆ, ಏನೂ ಸಿಗ್ಲಿಲ್ಲ," ಎಂದರು.

ಪಿಂಜಾರ ಎಂಬ ಮಾತು ಕಿವಿಗೆ ಬಿದ್ದಾಗಲೇ, ಪಂಜ್ರದಿಬ್ಬ ಅಂದರೆ ಪಿಂಜಾರರ ದಿಬ್ಬ ಎಂದು ಹೊಳೆದು ನನ್ನ ಮುಖ ಬಿಸಿಯಾಯಿತು. ಹಾಸಿಗೆಗಳನ್ನು ಅಲ್ಲೇ ಬಿಟ್ಟು, ಫೋನ್ ನಂಬರಿದ್ದ ರಸೀದಿ ತೆಗೆದುಕೊಂಡು ಮನೆಗೆ ಬಂದೆ.

ಮರುದಿನ ಗುಬ್ಬಿಯ ಬಸ್ಸು ಹತ್ತಿದೆ. ಅಲ್ಲಿ ನನ್ನ ಸೋದರತ್ತೆ ಇದ್ದಾರೆ, ತಂದೆಯ ಕೊನೆಯ ತಂಗಿ. ನಮ್ಮ ಮನೆಯ ಆ ಕಾಲವನ್ನು ಕಣ್ಣಾರೆ ಕಂಡವರಲ್ಲಿ ಉಳಿದಿರುವುದು ಅವರೊಬ್ಬರೇ. ಹಲ್ಲಿಲ್ಲದ ಬಾಯಲ್ಲಿ ಎಲೆಯಡಿಕೆ ಕುಟ್ಟಿ ಹಾಕಿಕೊಳ್ಳುತ್ತ ಜಗಲಿಯ ಮೇಲೆ ಕೂತಿದ್ದರು. ನಾನು ಪಿಂಜಾರರ ವಿಷಯ ಎತ್ತಿದೆ.

"ಅದ್ಯಾಕೆ ಈಗ? ಬುಡು ಅತ್ಲಾಗೆ," ಅಂದರು.

"ಅವರು ನಮ್ಮೂರಲ್ಲಿ ಇದ್ದಿದ್ದು ನಿಜಾನಾ ಅತ್ತೆ?"

"ಇದ್ರು ಕಣೇ. ನನ್ನ ಹಾಸ್ಗೆ ಹೊಲ್ಕೊಟ್ಟಿದ್ದೇ ಆ ಮನೆಯವ್ರು." ಅತ್ತೆ ಕುಟ್ಟಾಣಿಗೆ ಇನ್ನೊಂದು ಹೋಳು ಅಡಿಕೆ ಹಾಕಿದರು. "ಕೆರೆ ಕೆಳಗೆಲ್ಲ ಜೌಗು, ಕಾಲಿಟ್ರೆ ಹೂತ್ಕೊಳ್ಳೋದು. ಒಣಗಿದ್ದಿದ್ದು ಆ ದಿಬ್ಬ ಒಂದೇ. ತೆಂಗಿಗೆ ಅದೇ ಬೇಕು ಅಂತ ನಮ್ಮಪ್ಪ ಹಟ ಹಿಡ್ದ. ಅವ್ರು ಗೋರಿ ಐತೆ, ಕೊಡಕ್ಕಾಗಲ್ಲ ಅಂದ್ರು. ಅವ್ರಿಗೆ ಯಾರೂ ಹತ್ತಿ ಕೊಡ್ಬ್ಯಾಡಿ, ಕೆಲ್ಸ ಹೇಳ್ಬ್ಯಾಡಿ ಅಂತ ಊರಿಗೆಲ್ಲ ಹೇಳ್ದ ನಮ್ಮಪ್ಪ. ಅವನ ಮಾತು ಮೀರೋರು ಯಾರಿದ್ರು? ಹೊಟ್ಟೆಗಿಲ್ದೆ ಎಷ್ಟು ದಿನ ಇದ್ದಾರು? ಒಂದಿನ ಗಾಡಿ ಕಟ್ಕೊಂಡು ಹೊಂಟೋದ್ರು."

"ಆ ಕಲ್ಲು?"

ಅತ್ತೆ ನನ್ನ ಮುಖ ನೋಡಲಿಲ್ಲ. "ಹಿತ್ಲಲ್ಲಿ ಬಟ್ಟೆ ಒಗೀತೀವಲ್ಲ, ಅದೇ."

ನನ್ನ ತಾತ ದೊಡ್ಡ ಮನುಷ್ಯ, ಜೌಗು ನೆಲದಲ್ಲಿ ತೆಂಗು ಎಬ್ಬಿಸಿದ ಸಾಹಸಿ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ನಾನು ಶಾಲೆಯ ಮಕ್ಕಳಿಗೂ ಹೇಳಿದ್ದೆ. ಆ ಕಲ್ಲಿನ ಮೇಲೆ ಅಮ್ಮ ನಮ್ಮೆಲ್ಲರ ಬಟ್ಟೆ ಬಡಿದಿದ್ದಳು. ಭಾನುವಾರ ನನ್ನನ್ನೂ ತಮ್ಮನನ್ನೂ ಅದರ ಮೇಲೆ ಕೂರಿಸಿಯೇ ಸೀಗೆಪುಡಿ ಹಾಕಿ ಉಜ್ಜುತ್ತಿದ್ದಳು. ಗುಬ್ಬಿಯಿಂದ ಬಂದವಳು ಮರುದಿನವೇ ಊರಿಗೆ ಹೊರಟೆ.

ಊರಿನ ಮನೆಯನ್ನೂ ತೋಟವನ್ನೂ ನೋಡಿಕೊಳ್ಳುವವನು ತಮ್ಮ. ನಾನು ಹೋಗಿ ಹೇಳಿದಾಗ ಮೊದಲು ನಕ್ಕ. ಆಮೇಲೆ ಹಾರೆ ತಂದ. ಇಬ್ಬರು ಆಳುಗಳ ಜೊತೆ ಸೇರಿ ಕಲ್ಲನ್ನು ಮೀಟಿ ಮಗುಚಿದ. ಕೆಳಗೆ ತಂಪಾಗಿ ಮಲಗಿದ್ದ ಎರೆಹುಳುಗಳು ಹರಿದಾಡಿದವು. ನಾನು ಬಕೆಟ್ಟಿನಿಂದ ನೀರು ಸುರಿದು ತೆಂಗಿನ ನಾರಿನಿಂದ ಮಣ್ಣು ಉಜ್ಜಿದೆ. ಕಲ್ಲಿನ ನೆತ್ತಿ ಕಮಾನಿನಂತೆ ದುಂಡಗಿತ್ತು. ಅದರ ನಡುವೆ ಹೂವು, ಎಸಳುಗಳು ಇನ್ನೂ ಚೂಪಾಗಿದ್ದವು.

ನುಣ್ಣಗೆ ಕೆತ್ತಿದ ಮುಖವನ್ನು ಮಣ್ಣಿಗೆ ಹಾಕಿ ಒರಟು ಬೆನ್ನನ್ನು ಮೇಲೆ ಮಾಡಿದ್ದರು. ತಿಳಿಯದೆ ತಂದ ಕಲ್ಲಾಗಿದ್ದರೆ ಯಾರಾದರೂ ಹಾಗೆ ಹಾಕುತ್ತಿದ್ದರೇ?

"ಸುಮ್ನೆ ಮುಚ್ಚಾಕ್ಬುಡಣ ಅಕ್ಕ," ಎಂದ ತಮ್ಮ, ಮೆಲ್ಲಗೆ. "ಯಾರಿಗೂ ಗೊತ್ತಿಲ್ಲ."

"ನಮಗೆ ಗೊತ್ತಾಯ್ತಲ್ಲ."

"ಇವತ್ತು ಕಲ್ಲು ಕೊಟ್ರೆ ನಾಳೆ ಜಾಗ ಕೇಳ್ತಾರೆ."

ನಾನು ಅಲ್ಲೇ ನಿಂತು ಅಂಗಡಿಯವರಿಗೆ ಫೋನ್ ಮಾಡಿದೆ. ತಮ್ಮ ಊಟಕ್ಕೂ ಏಳದೆ ಮುಖ ತಿರುಗಿಸಿ ಕೂತ.

ಭಾನುವಾರ ಅವರು ಮಗಳ ಜೊತೆ ಲಗೇಜ್ ಆಟೋದಲ್ಲಿ ಬಂದರು. ಮಗಳು ನಡುವಯಸ್ಸಿನ ಹೆಂಗಸು. ಹಿತ್ತಲಿಗೆ ಕಾಲಿಡುತ್ತಿದ್ದ ಹಾಗೆಯೇ ಅವಳ ಕಣ್ಣು ಕಲ್ಲಿಗಿಂತ ಮೊದಲು ಪಕ್ಕದಲ್ಲಿದ್ದ ಸೋಪಿನ ಡಬ್ಬಿ, ಬ್ರಷ್ಷುಗಳ ಮೇಲೆ ಬಿತ್ತು. ಅವನ್ನು ತೆಗೆದಿಡಬೇಕೆಂದು ನನಗೆ ಹೊಳೆದಿರಲಿಲ್ಲ.

"ಇದ್ರ ಮೇಲೆ ಬಟ್ಟೆ ಒಗೀತಿದ್ರಾ?" ಅಂದಳು.

"ನಮಗೆ ಗೊತ್ತಿರ್ಲಿಲ್ಲ," ಎಂದೆ.

"ಹಾಕಿದವ್ರಿಗೆ ಗೊತ್ತಿತ್ತಲ್ಲ ಮೇಡಂ."

ಅವಳ ತಂದೆ ಕೈ ಎತ್ತಿ ಅವಳನ್ನು ಸುಮ್ಮನಿರಿಸಿದರು. ಕುಕ್ಕುರುಗಾಲಲ್ಲಿ ಕೂತು ಹೂವಿನ ಮೇಲೆ ಅಂಗೈ ಇಟ್ಟುಕೊಂಡರು. ಆಮೇಲೆ ಎದ್ದು, "ದಿಬ್ಬ ತೋರಿಸ್ತೀರಾ?" ಎಂದು ಕೇಳಿದರು.

ತೋಟಕ್ಕೆ ಹೋದೆವು. ದಿಬ್ಬವನ್ನು ತಾತ ಮಟ್ಟ ಮಾಡಿಸಿಬಿಟ್ಟಿದ್ದಾನೆ. ಗೋರಿ ಎಲ್ಲಿತ್ತೆಂದು ಈಗ ಯಾರಿಗೂ ಹೇಳಲಾಗದು. ಎಲ್ಲ ಕಡೆ ತೆಂಗು, ಬುಡದಲ್ಲಿ ಡ್ರಿಪ್ ಪೈಪು. ಅವರು ಒಂದು ಅಂದಾಜಿನ ಮೇಲೆ ಚಪ್ಪಲಿ ಬಿಟ್ಟು, ಎರಡೂ ಕೈ ಮುಂದೆ ಚಾಚಿ ತುಟಿ ಅಲುಗಿಸಿದರು. ಮಗಳು ತಲೆಯ ಮೇಲೆ ದುಪಟ್ಟ ಎಳೆದುಕೊಂಡು ಪಕ್ಕ ನಿಂತಳು. ತಮ್ಮ ದೂರದಲ್ಲಿ ಪೈಪಿನ ಜಾಯಿಂಟ್ ತಿರುಗಿಸುತ್ತಿದ್ದ, ಅದು ಸೋರುತ್ತಿರಲಿಲ್ಲ.

"ಕಲ್ಲು ನಮ್ಮ ಕಬರಸ್ಥಾನದಲ್ಲಿ ಇಡ್ತೀವಿ. ಜಾಗ ನಮಗೆ ಬೇಡಮ್ಮ," ಎಂದರು ಹಿಂತಿರುಗಿ. ತಮ್ಮನ ಭಯ ಅವರಿಗೆ ಗೊತ್ತಾಗಿತ್ತು. "ದಾದಿ ಇರೋದು ಇಲ್ಲೇ. ವರ್ಷಕ್ಕೊಂದ್ಸಲ ಬಂದು ಇಲ್ಲಿ ನಿಂತು ದುವಾ ಮಾಡ್ಕೊಂಡು ಹೋಗ್ಬಹುದಾ?"

ನನ್ನನ್ನೇ ನೋಡಿ ಕೇಳಿದರು. ಮನೆಗೆ ದೊಡ್ಡವಳು ನಾನು, ಅವರಿಗೆ ಫೋನ್ ಮಾಡಿದವಳೂ ನಾನೇ. ಬನ್ನಿ ಅನ್ನುವುದು ಒಂದೇ ಮಾತು. ಅಷ್ಟರಲ್ಲಿ ತಮ್ಮನ ಜೊತೆ ಜಗಳ, ಊರಿನವರ ಪ್ರಶ್ನೆ, ಹಬ್ಬಕ್ಕೆ ತವರಿಲ್ಲದ ಹಾಗಾಗುವುದು ಎಲ್ಲ ಕಣ್ಣ ಮುಂದೆ ಬಂದವು.

"ತೋಟ ತಮ್ಮಂದು. ಅವನನ್ನ ಕೇಳಿ," ಎಂದುಬಿಟ್ಟೆ.

ಮಗಳು ನನ್ನ ಕಡೆ ನೋಡಿದ್ದು ಇವತ್ತಿಗೂ ನನ್ನ ಕಣ್ಣಲ್ಲಿ ಹಾಗೇ ಇದೆ. ಹಿತ್ತಲಲ್ಲಿ ಆಕೆ ಸಿಟ್ಟಾಗಿದ್ದಳು, ಈಗ ಸಿಟ್ಟೂ ಇರಲಿಲ್ಲ.

ತಮ್ಮ ಕೈ ಮಣ್ಣು ಪಂಚೆಗೆ ಒರೆಸಿಕೊಂಡು ಹತ್ತಿರ ಬಂದ. ಬೈದು ಕಳಿಸುತ್ತಾನೆ ಎಂದುಕೊಂಡೆ. ಅವನು ನೆಲ ನೋಡುತ್ತ, "ಬನ್ನಿ. ನೀರು ಬಿಟ್ಟಿದ್ರೆ ಕೆಸರಾಗಿರುತ್ತೆ, ಒಂದು ಫೋನ್ ಮಾಡ್ಬುಟ್ಟು ಬನ್ನಿ," ಎಂದ. ನಂಬರನ್ನೂ ತಾನೇ ಹೇಳಿದ. ಆಟೋಗೆ ಕಲ್ಲು ಏರಿಸುವಾಗಲೂ ಒಂದು ತುದಿಗೆ ಅವನೇ ಹೆಗಲು ಕೊಟ್ಟ. ನಾನು ಗೋಣಿಚೀಲ ಹಿಡಿದುಕೊಂಡು ಬದಿಗೆ ನಿಂತಿದ್ದೆ.

ಆಮೇಲೆ ಅವರೂ ಮಗಳೂ ಒಂದು ಸಲ ಬಂದು ಹೋದರಂತೆ. ತಮ್ಮ ಸಂಜೆ ಫೋನ್ ಮಾಡಿದ. "ಬಂದಿದ್ರು ಕಣಕ್ಕ. ಎಳನೀರು ಕೆತ್ತಿಕೊಟ್ಟೆ. ಆ ಯಮ್ಮ ಮಾತ್ರ ಮುಟ್ಲಿಲ್ಲ." ಫೋನ್ ಇಡುವ ಮೊದಲು, "ನೀನ್ಯಾಕೆ ಬರ್ಲಿಲ್ಲ ಅಂತ ಆ ತಾತ ಕೇಳ್ತಿದ್ರು," ಎಂದ.

ಅವರು ಬರುವ ದಿನ ನನಗೆ ಮೊದಲೇ ಗೊತ್ತಿತ್ತು. ತಮ್ಮನಿಗೆ ಮಾತ್ರ, ನನಗೆ ಮಂಡಿನೋವು ಅಂದೆ.