ಕರೆಂಟಿಗೆ ತಕರಾರು ಮಾಡುವ ಜೀವ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಲಬುರಗಿಯ ಮಟನ್ ಮಾರ್ಕೆಟಿನಲ್ಲಿ ಸಿಕಂದರ್ ಕುರಿಯ ಮೂತ್ರಪಿಂಡ ಬಿಡಿಸುತ್ತಿದ್ದಾನೆ. ಐಸ್ ತುಂಬಿದ ಡಬ್ಬಿ ಹಿಡಿದು ನಿಂತ ಸುಮಂಗಲಾ ಆಕಳಿಸುತ್ತಾರೆ.

“ಏನಕ್ಕಾ, ದಿನಾ ಗುರ್ದಾನೇ ಒಯ್ತೀರಿ. ಮನಿಯಾಗ ಬ್ಯಾರೆ ಪಲ್ಯಾ ಇಲ್ಲೇನು?”

“ತಿನ್ನಾಕಲ್ಲೋ ತಮ್ಮಾ, ಇದರ ಫೋಟೋ ತಗೀತೀವಿ.”

“ಹಂಗಾದ್ರ ತಡೀರಿ, ಮುಖ ತೊಳದು ಕೊಡ್ತೀನಿ!”

ಸುಮಂಗಲಾ ನಗುತ್ತಾರೆ. ನಗು ಕಣ್ಣಿನವರೆಗೆ ಏರುವಷ್ಟು ನಿದ್ದೆಯಾಗಿಲ್ಲ.

ಕಮಲಾಪುರದಿಂದ ಮೊದಲ ಬಸ್ಸಿಗೆ ಬರುವ ಇವರು ಕಾಲೇಜೊಂದರ ಪ್ರಯೋಗಾಲಯದ ಸಹಾಯಕಿ. ದಾನವಾಗಿ ಬಂದ ಅಂಗ ಕಸಿಗೆ ಯೋಗ್ಯವೋ ಅಲ್ಲವೋ ಎಂಬುದನ್ನು ಕೊಯ್ಯದೆಯೇ, ಕರೆಂಟ್ ಹಾಯಿಸಿ ಚಿತ್ರ ತೆಗೆದು ತಿಳಿಯಬಹುದೇ ಎಂದು ಅಲ್ಲಿ ಹುಡುಕಾಟ ನಡೆದಿದೆ. ಮನುಷ್ಯರ ಅಂಗದವರೆಗೆ ಇನ್ನೂ ಹೋಗಿಲ್ಲ. ಸದ್ಯಕ್ಕೆ ಕುರಿಯದೇ ಗತಿ. ಮೂತ್ರಪಿಂಡದ ಸುತ್ತ ಹದಿನಾರು ಪುಟ್ಟ ಲೋಹದ ಬಿಲ್ಲೆಗಳನ್ನು ಅಂಟಿಸಿ, ಒಂದೊಂದರಡಿಯ ಜೆಲ್ ಒಣಗದಂತೆ ಕಾಯುವುದು ಸುಮಂಗಲಾ ಅವರ ಪಾಲಿನ ಕೆಲಸ.

“ಭಾಳ ಸಣ್ಣ ಕರೆಂಟ್ ರೀ, ಇರುವಿ ಕಡದಷ್ಟೂ ಇಲ್ಲ. ಜೀವ ಇದ್ದಲ್ಲಿ ಅದನ್ನ ಸುಮ್ಮ ಬಿಡೂದಿಲ್ಲ, ತಕರಾರು ಮಾಡ್ತದ. ಕೆಟ್ಟಲ್ಲಿ ಸರ್ರಂತ ಹಾದು ಹೋಗ್ತದ,” ಎನ್ನುತ್ತಾರೆ.

ಗಂಡ ವಿಶ್ವಾಸ ಡಯಾಲಿಸಿಸ್ ಮೇಲಿದ್ದಾರೆ. ಹೋದ ವರ್ಷ ಕಸಿಗೆ ಸರದಿ ಬಂದಿತ್ತು. ಆಸ್ಪತ್ರೆಗೆ ಕರೆಸಿ, ಹಸಿರು ಅಂಗಿ ತೊಡಿಸಿದ ಮೇಲೆ ವೈದ್ಯರು ಹೊರಬಂದು, ಬಂದ ಮೂತ್ರಪಿಂಡದ ಮೇಲೆ ಅನುಮಾನವಿದೆ, ಹಾಕುವುದು ಬೇಡ ಎಂದರು. ಅದು ನಿಜಕ್ಕೂ ಕೆಟ್ಟಿತ್ತೇ? ಯಾರಿಗೂ ಗೊತ್ತಿಲ್ಲ. ಇಬ್ಬರೂ ಊರಿಗೆ ಮರಳಿದರು. ಮತ್ತೆ ಕರೆ ಬಂದಿಲ್ಲ.

ಪ್ರಯೋಗಾಲಯದಲ್ಲಿ ಈ ಸಂಶೋಧನೆ ನಡೆಸುವ ಪದ್ಮಜಾ ಮೇಡಂ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಾರೆ. ಹಿಂದಿನ ಮೂತ್ರಪಿಂಡದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ವರದಿ ಬಂದಿದೆ. ಚಿತ್ರದಲ್ಲಿ ಚೆನ್ನಾಗಿದೆ ಎಂದು ಕಂಡ ಭಾಗ ಅಸಲಿಗೆ ಸತ್ತಿತ್ತು.

“ಜೆಲ್ ಒಣಗಿತ್ತು ಕಾಣ್ತದ, ಸುಮಂಗಲಾ. ಒಣಗಿದ ಬಿಲ್ಲೀನೂ ಕರೆಂಟ್ ತಡೀತದಲ್ಲ, ಅದಕ್ಕ ಸತ್ತದ್ದೂ ಜೀವ ಇದ್ದಂಗ ಕಂಡದ.”

“ಖರೇ ರೀ ಮೇಡಂ. ರಾತ್ರಿಯೆಲ್ಲಾ ಅವ್ರ ಕಾಲು ಒತ್ತಿದ್ದೆ. ಅವತ್ತು ಇಲ್ಲಿ ಕೂತಲ್ಲೇ ಕಣ್ಣು ಹತ್ತಿತ್ತು.”

ಯಾರೂ ಬೈಯುವುದಿಲ್ಲ. ಬೈದಿದ್ದರೇ ಹಗುರಾಗುತ್ತಿತ್ತೇನೋ. ಸುಮಂಗಲಾ ಮುಖಕ್ಕೆ ನೀರು ಚಿಮುಕಿಸಿಕೊಂಡು, ಬಿಲ್ಲೆಗಳನ್ನು ಒಂದೊಂದಾಗಿ ಒರೆಸಿ, ಹೊಸ ಜೆಲ್ ಹಚ್ಚತೊಡಗುತ್ತಾರೆ.

ಈ ಯಂತ್ರ ಗಂಡನ ಕಾಲಕ್ಕೆ ಒದಗುತ್ತದೆ ಎಂಬ ನಂಬಿಕೆ ಇದೆಯೇ ಎಂದರೆ, ಕೈ ನಿಲ್ಲಿಸದೆ ತಲೆಯಾಡಿಸುತ್ತಾರೆ.

“ಇಲ್ರಿ, ಅಷ್ಟು ಲಗೂ ಆಗೂದಲ್ಲ ಇದು. ಆದ್ರ ಮುಂದ ಯಾರದರೆ ಮನಿಯವ್ರು ನಮ್ಮಂಗ ಬಾಗಿಲದಾಗ ನಿಂತಿರ್ತಾರಲ್ಲ, ಅವ್ರಿಗೆ ಚಿತ್ರ ತೋರ್ಸಿ ‘ಇದು ಕೆಟ್ಟದ, ಬ್ಯಾಡ’ ಅನ್ಲಿ. ಅತ್ತು ಮನಿಗಿ ಹೋಗ್ತಾರ. ‘ಗೊತ್ತಿಲ್ಲ, ಅದಕ್ಕ ಬ್ಯಾಡ’ ಅನಬಾರದು ನೋಡ್ರಿ. ಅದನ್ನ ಹೊತ್ಗೊಂಡು ಮನಿಗಿ ಹೋಗೂದು ಭಾಳ ದೂರ ಆಗ್ತದ.”