ಕನ್ನಡಿಯೊಳಗಿನ ಇನ್ನೊಂದು ಮಗು

ಕ್ಷೌರದಂಗಡಿಯವರ ಹೆಂಡತಿ ಎಂದೇ ಆ ಬೀದಿಯಲ್ಲಿ ಅವಳ ಗುರುತು. ಅವರು ಹೋದ ಮೇಲೂ ಜನ ಹಾಗೇ ಕರೆದರು. ಅವಳೂ ಬೇಡ ಅನ್ನಲಿಲ್ಲ.

ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಅಂಗಡಿಯಲ್ಲಿ ಇದ್ದದ್ದು ಒಂದೇ ಕುರ್ಚಿ, ಗೋಡೆಗೆ ಒಂದು ದೊಡ್ಡ ಕನ್ನಡಿ. ಕನ್ನಡಿಯ ಅಂಚಿಗೆ ಕಂದು ಮಚ್ಚೆ ಹಿಡಿದಿತ್ತು. ಎತ್ತರ ಸಾಲದ ಮಕ್ಕಳಿಗೆಂದು ಕುರ್ಚಿಯ ಕೈಗಳ ಮೇಲೆ ಅಡ್ಡ ಇಡುವ ಹಲಗೆ ಇತ್ತು. ಯಜಮಾನರು ಮಗಳನ್ನು ಕೂರಿಸಿ ಕೂದಲು ಕತ್ತರಿಸಿದ್ದು ಅದರ ಮೇಲೇ. ಆಮೇಲೆ ಮಗಳ ಮಗಳನ್ನು ಕೂರಿಸಿಕೊಂಡರು.

ಕತ್ತರಿಸುವುದಕ್ಕೇನೂ ಇರಲಿಲ್ಲ. ಮೊಮ್ಮಗಳು ಹುಟ್ಟಿದಾಗ ತಲೆ ನುಣ್ಣಗಿತ್ತು, ಎಷ್ಟೋ ತಿಂಗಳು ಹಾಗೇ ಇತ್ತು. "ನಮ್ಮನೇಲಿ ಹುಟ್ಟಿ ನಮ್ಮ ಹೊಟ್ಟೆ ಮೇಲೇ ಹೊಡೀತಾಳಲ್ಲ ಇವಳು" ಎಂದು ಯಜಮಾನರು ಅವಳನ್ನು ಮೊಟ್ಟೆ ಎಂದು ಕರೆದರು. ಹೆಸರು ಅಂಟಿಕೊಂಡಿತು.

ಮಗಳಿಗೆ ಶಿಶುವಿಹಾರದಲ್ಲಿ ಕೆಲಸ. ಮಕ್ಕಳು ಹೇಗೆ ಬೆಳೆಯುತ್ತವೆ ಎನ್ನುವುದನ್ನು ಓದಿಕೊಂಡವಳು. ಒಂದು ಸಂಜೆ ಅಪ್ಪನಿಗೆ ಅವಳೇ ಹೇಳಿದಳು: ಕನ್ನಡಿಯಲ್ಲಿ ಕಾಣುವುದು ತಾನೇ ಎಂದು ಕೂಸಿಗೆ ಗೊತ್ತಿರುವುದಿಲ್ಲ, ಬೇರೆ ಯಾವುದೋ ಮಗು ಅಂದುಕೊಳ್ಳುತ್ತದೆ. ಅದನ್ನು ನೋಡಿ ನಗುತ್ತದೆ, ತಟ್ಟುತ್ತದೆ. ಒಂದೂವರೆ ವರ್ಷ ದಾಟಿದ ಮೇಲೆ ಯಾವತ್ತೋ ಒಂದು ದಿನ, ಇದು ನಾನು ಎಂದು ತಿಳಿಯುತ್ತದೆ. ಪರೀಕ್ಷೆ ಮಾಡುವುದೂ ಸುಲಭ. ಅದಕ್ಕೆ ಗೊತ್ತಾಗದ ಹಾಗೆ ಮೂಗಿಗೆ ಏನಾದರೂ ಹಚ್ಚಿ ಕನ್ನಡಿ ಮುಂದೆ ಕೂರಿಸಬೇಕು. ಕನ್ನಡಿಯನ್ನು ಮುಟ್ಟಿದರೆ ಇನ್ನೂ ಹೊತ್ತಿದೆ ಅಂತ. ತನ್ನ ಮೂಗನ್ನು ಮುಟ್ಟಿಕೊಂಡರೆ ತಿಳಿಯಿತು ಅಂತ.

ಯಜಮಾನರಿಗೆ ಅಷ್ಟು ಸಾಕಾಯಿತು. ನೊರೆ, ಬ್ರಷ್ಷು, ಕನ್ನಡಿ, ಎಲ್ಲಾ ಕೈಗೆಟುಕುವಲ್ಲೇ ಇದ್ದವು. ಟವೆಲಿನಲ್ಲಿ ಮುಖ ಒರೆಸುವ ನೆಪ ಮಾಡಿ ಮೊಟ್ಟೆಯ ಮೂಗಿನ ತುದಿಗೆ ಚೂರು ನೊರೆ ಮೆತ್ತುತ್ತಿದ್ದರು. ಮೊಟ್ಟೆ ಕನ್ನಡಿಯಲ್ಲಿದ್ದ ಮಗುವಿನ ಮೂಗು ಒರೆಸಲು ಹೋಗುತ್ತಿದ್ದಳು. ಕೈಗನ್ನಡಿ ಕೊಟ್ಟರೆ ಅದರ ಹಿಂದೆ ಇಣುಕಿ ಆ ಮಗುವನ್ನು ಹುಡುಕುತ್ತಿದ್ದಳು. ಯಜಮಾನರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮೊಟ್ಟೆಗೆ ಕುರ್ಚಿ ಬಿಟ್ಟುಕೊಟ್ಟು, ಅರ್ಧ ಬೋಳಿಸಿದ ಗಡ್ಡದಲ್ಲೇ ಪಕ್ಕದ ಬೆಂಚಿನಲ್ಲಿ ಕೂತ ಪೋಸ್ಟ್‌ಮ್ಯಾನ್, "ಮಿಕ್ಕಿದ್ದನ್ನ ಮೊಟ್ಟೆ ತೆಗೀತಾಳೋ ಹೇಗೆ?" ಎಂದು ಕೇಳಿದ್ದೂ ಉಂಟು.

"ಇವಳೇ, ಒಂದಿನ ಕೈ ಮೂಗಿಗೆ ಹೋಗುತ್ತೆ ನೋಡು" ಎಂದು ಹೆಂಡತಿಗೆ ಹೇಳುತ್ತಿದ್ದರು. "ಅವತ್ತು ಅಂಗಡಿಗೆ ರಜ."

ಆ ದಿನ ಅವರಿಗೆ ಸಿಗಲಿಲ್ಲ. ಒಂದು ಬೆಳಿಗ್ಗೆ ಶಟರ್ ಎತ್ತಲು ಬಗ್ಗಿದವರು ಮತ್ತೆ ಮೇಲೇಳಲಿಲ್ಲ. ಅಷ್ಟೇ.

ಅಂಗಡಿಯನ್ನು ಪಕ್ಕದ ಬೀದಿಯ ಒಬ್ಬ ಕ್ಷೌರಿಕ ತೆಗೆದುಕೊಳ್ಳುವುದೆಂದು ಮಾತಾಯಿತು. ಒಳ್ಳೆಯ ಹುಡುಗ, ಮರ್ಯಾದಸ್ಥ. ಕನ್ನಡಿ ಹಳೆಯದಾಯಿತು, ತೆಗೆದು ಹೊಸದು ಹಾಕುತ್ತೇನೆ ಎಂದ. ತಿಂಗಳ ಕೊನೆಗೆ ಬರುತ್ತೇನೆ ಎಂದ.

ಅವಳಿಗೆ ಒಂದೇ ಆಸೆ. ಆ ಕನ್ನಡಿ ಗೋಡೆಯ ಮೇಲಿರುವಾಗಲೇ ಮೊಟ್ಟೆಯ ಕೈ ಮೂಗಿಗೆ ಹೋಗಬೇಕು. ಅವರು ಕಾದದ್ದನ್ನು ತಾನಾದರೂ ಅವರ ಕನ್ನಡಿಯಲ್ಲಿ ನೋಡಬೇಕು. ಯಾರಿಗೂ ಹೇಳಲಿಲ್ಲ. ಮಗಳು ಕೆಲಸಕ್ಕೆ ಹೋದ ಮೇಲೆ ಮೊಟ್ಟೆಯನ್ನು ಹಲಗೆಯ ಮೇಲೆ ಕೂರಿಸಿ, ಮೂಗಿಗೆ ನೊರೆ ಹಚ್ಚಿ, ಪುಟ್ಟ ಕೈ ಹಿಡಿದು ಮೂಗಿಗೆ ತಾಗಿಸಿದಳು. ಇಲ್ಲಿ, ಇಲ್ಲಿ. ದಿನಾ ಅದೇ.

ಮೊಟ್ಟೆ ಚುರುಕು, ಕಲಿತೇಬಿಟ್ಟಳು. ಬ್ರಷ್ಷು ಕಂಡರೆ ಸಾಕು, ಕನ್ನಡಿಗೆ ಬೆನ್ನು ಹಾಕಿ ಕೂತಿದ್ದರೂ ಪಟ್ಟನೆ ಮೂಗಿಗೆ ಹೊಡೆದುಕೊಳ್ಳತೊಡಗಿದಳು. ಒಲೆಯ ಮೇಲೆ ಹಾಲು ನೊರೆಯುಕ್ಕಿದರೂ ಹೊಡೆದುಕೊಂಡಳು. ಬಚ್ಚಲಲ್ಲಿ ಬಟ್ಟೆಗೆ ಸೋಪು ಹಾಕಿದರೂ ಹೊಡೆದುಕೊಂಡಳು.

ಮಗಳು ಇದನ್ನು ಕಂಡು ಮೊದಲು ನಕ್ಕಳು. ಆಮೇಲೆ ಅಮ್ಮನ ಮುಖ ನೋಡಿ ಹತ್ತಿರ ಬಂದು ಕೂತಳು.

"ಅಮ್ಮಾ, ಇದು ಹೇಳಿಕೊಟ್ಟು ಬರೋದಲ್ಲ. ಅವಳು ಕಲಿತಿರೋದು ನಿನ್ನ ಆಟಾನ. ತನ್ನ ಮುಖ ಯಾವುದು ಅಂತ ಇನ್ನೂ ಗೊತ್ತಿಲ್ಲ."

"ಮತ್ತೆ ಯಾವಾಗ ಗೊತ್ತಾಗುತ್ತೆ?"

"ಅದರ ಪಾಡಿಗೆ ಅದು ಬರುತ್ತೆ. ಕೆಲವಕ್ಕೆ ಎರಡು ವರ್ಷ ತುಂಬಬೇಕು."

ಅವಳು ಟವೆಲು ಮಡಿಸುತ್ತಾ ಕೂತಿದ್ದಳು. ಅದನ್ನೇ ಬಿಡಿಸಿ ಮತ್ತೆ ಮಡಿಸಿದಳು.

"ನಿಮ್ಮಪ್ಪ ಅವಳಿಗೆ ನೆನಪಿರ್ತಾರೇನೇ?"

ಮಗಳು ಸುಳ್ಳು ಹೇಳುವವಳಲ್ಲ. "ಇಲ್ಲಮ್ಮ" ಎಂದಳು. "ಈ ವಯಸ್ಸಿಂದು ಉಳಿಯಲ್ಲ. ನಾವು ಹೇಳಿದ್ರೆ ಉಂಟು."

ಅವಳು ಬ್ರಷ್ಷನ್ನು ತೊಳೆದು ಡ್ರಾಯರಿನೊಳಗಿಟ್ಟಳು. ಮತ್ತೆ ತೆಗೆಯಲಿಲ್ಲ.

ಹೊಸಬ ಬರುವ ದಿನ ಬಂತು. ಬೆಳಿಗ್ಗೆಯೇ ಎದ್ದು ಕುರ್ಚಿ ಒರೆಸಿದಳು. ಹೇಗಿದ್ದರೂ ತೆಗೆಯುವ ಕನ್ನಡಿ, ಆದರೂ ಒರೆಸಿದಳು. ಯಜಮಾನರು ಮಾಡುತ್ತಿದ್ದ ಹಾಗೆ ಹಳೆಯ ಪೇಪರ್ ಒದ್ದೆ ಮಾಡಿ, ಉಜ್ಜಿ ಉಜ್ಜಿ ಒರೆಸಿದಳು. ಬೆರಳಿಗೆಲ್ಲ ಮಸಿಯಾಯಿತು. ಹಲಗೆಯ ಮೇಲೆ ಕೂತಿದ್ದ ಮೊಟ್ಟೆಗೆ ನೆಗಡಿ, ಮೂಗು ಸೋರುತ್ತಿತ್ತು. ಅದೇ ಬೆರಳಲ್ಲಿ ಮೂಗು ಒರೆಸಿ ಮತ್ತೆ ಕೆಲಸಕ್ಕೆ ತಿರುಗಿದಳು. ಮಸಿ ಅಂಟಿದ್ದು ಅವಳಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಹೊಸಬ ಬಂದು ಚೀಲ ಕೆಳಗಿಟ್ಟ. ಅವಳು ಜಾಗ ಬಿಟ್ಟು ಕುರ್ಚಿಯ ಹಿಂದೆ ಸರಿದಳು.

ಮೊಟ್ಟೆ ಕನ್ನಡಿ ನೋಡುತ್ತಿದ್ದಳು. ನಗಲಿಲ್ಲ, ಗಾಜನ್ನು ತಟ್ಟಲಿಲ್ಲ. ಹುಬ್ಬು ಗಂಟಿಕ್ಕಿಕೊಂಡು ನೋಡಿದಳು. ತಲೆ ಆ ಕಡೆ ವಾಲಿಸಿದಳು, ಈ ಕಡೆ ವಾಲಿಸಿದಳು. ಆಮೇಲೆ ಕೈ ಮೆಲ್ಲಗೆ ಮೇಲೆದ್ದಿತು. ಈ ಸಲ ಹೊಡೆದುಕೊಳ್ಳಲಿಲ್ಲ. ಒಂದು ಬೆರಳು ಮೂಗಿನ ಮೇಲಿನ ಮಸಿಯನ್ನು ಮುಟ್ಟಿತು, ಉಜ್ಜಿತು. ಬೆರಳು ಮುಂದೆ ಹಿಡಿದು ಕರಿ ಅಂಟಿದ್ದನ್ನು ನೋಡಿಕೊಂಡಳು. ಮತ್ತೆ ಕನ್ನಡಿ ನೋಡಿದಳು.

"ಇವ್ರೇ, ನೋಡಿ ಇಲ್ಲಿ" ಎಂದಳು ಕುರ್ಚಿಯ ಹಿಂದೆ ನಿಂತಿದ್ದ ಅವಳು.

ಕನ್ನಡಿಯೊಳಗೆ ಅವಳ ಕಣ್ಣು ಕುರ್ಚಿಯ ಎಡಕ್ಕೆ ಹೋಗಿತ್ತು, ಅವರು ನಿಲ್ಲುತ್ತಿದ್ದ ಜಾಗಕ್ಕೆ. ಅಲ್ಲಿ ಯಾರೂ ಕಾಣಲಿಲ್ಲ. ಕನ್ನಡಿಯಲ್ಲಿ ಇಲ್ಲದ್ದು ಹೊರಗೂ ಇರುವುದಿಲ್ಲ ಎಂದು ಗೊತ್ತಿದ್ದೂ ತಿರುಗಿ ನೋಡಿದಳು.

ಹೊಸಬ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದ. ತನ್ನನ್ನೇ ಕರೆದರೆಂದು ಹತ್ತಿರ ಬಂದ.

"ಏನಮ್ಮಾ? ಕನ್ನಡಿ ತೆಗೀಲಾ?"

ಅವಳು ಮೊಟ್ಟೆಯನ್ನು ಹಲಗೆಯಿಂದ ಎತ್ತಿಕೊಂಡಳು.

"ತೆಗಿಯಪ್ಪಾ" ಎಂದಳು.