ಎರಡು ಗೇಟುಗಳ ನಡುವೆ ಗೌರಮ್ಮ

ಎರಡನೇ ಮಹಾಯುದ್ಧದ ಕೊನೆಗಾಲದಲ್ಲಿ ನಾನು ಕೊಳ್ಳೇಗಾಲದಲ್ಲಿ ರೇಷನ್ ಇನ್ಸ್‌ಪೆಕ್ಟರ್ ಆಗಿದ್ದೆ. ಆಗ ಕೊಳ್ಳೇಗಾಲ ಮದ್ರಾಸ್ ಸರ್ಕಾರಕ್ಕೆ ಸೇರಿತ್ತು, ಪಕ್ಕದ ಯಳಂದೂರು ಮೈಸೂರು ಮಹಾರಾಜರದು. ಮಾತು ಒಂದೇ, ದೇವರು ಒಂದೇ, ಹೆಣ್ಣು ಕೊಟ್ಟು ತರುವುದೂ ಇಲ್ಲಿಂದಲ್ಲಿಗೇ. ಸರ್ಕಾರ ಮಾತ್ರ ಎರಡು. ಧಾನ್ಯ ಕದ್ದು ಸಾಗಿಸುವುದನ್ನು ತಡೆಯಲು ಕುಂತೂರಿನಾಚೆ ರಸ್ತೆಗೆ ನಮ್ಮದೊಂದು ಗೇಟು, ಒಂದು ಫರ್ಲಾಂಗು ದಾಟಿದರೆ ಅವರದೊಂದು ಗೇಟು.

ಆ ವರ್ಷ ರೇಷನ್ ಅಂಗಡಿಗೆ ಬರುತ್ತಿದ್ದ ರಾಗಿ ಊರವರಿಗೇ ಸಾಲುತ್ತಿರಲಿಲ್ಲ. ಅದರ ಮೇಲೆ ಮೈಸೂರು ಸೀಮೆಯಿಂದ ಕೂಲಿ ಹುಡುಕಿಕೊಂಡು ಸಂಸಾರಗಳು ಬರತೊಡಗಿದವು. ಗೇಟಿನ ಪಕ್ಕದ ಹಳ್ಳಿಯ ಮುನಸೀಫರು ನಂಜಪ್ಪನವರು. ಮೈಸೂರಿನಲ್ಲಿ ಪಟೇಲರೆನ್ನುವವರನ್ನು ನಮ್ಮ ಕಡೆ ಮುನಸೀಫರೆನ್ನುತ್ತಿದ್ದರು. ಅವರು ಹತ್ತಾರು ಜನರನ್ನು ಕಟ್ಟಿಕೊಂಡು ನನ್ನ ಆಫೀಸಿಗೆ ಬಂದರು.

“ನಮ್ಮ ಮಕ್ಳೇ ಗಂಜಿ ಕುಡ್ಕಂಡು ಮನಗ್ತವೆ ಸಾ. ಬಂದೋರ್ಗೆಲ್ಲಾ ಎಲ್ಲಿಂದ ತರಾನ? ಗೇಟಲ್ಲೇ ತಡೀರಿ.”

ಅವರ ಮಾತು ಸುಳ್ಳಾಗಿರಲಿಲ್ಲ. ನಾನು ಒಪ್ಪಿದೆ. ಮನೆಮನೆ ಪಟ್ಟಿ ಮಾಡುವುದು, ಪಟ್ಟಿಯಲ್ಲಿ ಹೆಸರಿಲ್ಲದವರನ್ನು ಗೇಟು ದಾಟಿಸದಿರುವುದು ಎಂದು ತೀರ್ಮಾನವಾಯಿತು. ಯಾರಿಗೂ ವಿನಾಯಿತಿಯಿಲ್ಲ ಎಂಬ ಸಾಲನ್ನು ಸೇರಿಸಿದವನು ನಾನೇ. ಆ ಸಾಲಿನ ಬಗ್ಗೆ ನನಗೆ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಪಟ್ಟಿ ಶುರುವಾದದ್ದು ಮುನಸೀಫರ ಮನೆಯಿಂದಲೇ. ಜಗಲಿಯ ಮೇಲೆ ಕೂತು ಕೇಳಿದೆ, “ಮನೇಲಿ ಎಷ್ಟು ಜನ?”

“ನಾಕು ಜನ ಸಾ. ನಾನು, ನಮ್ಮವ್ವ, ನಮ್ಮೆಂಗ್ಸು, ಮಗ.” ಕೆಳಗೆ ರುಜು ಹಾಕಿದರು.

ಎರಡು ವಾರ ಕಳೆದಿರಬೇಕು. ಒಂದು ಗುರುವಾರ ಮಧ್ಯಾಹ್ನ ನಾನು ಗೇಟಿನಲ್ಲಿದ್ದೆ. ಕಂಕುಳಲ್ಲಿ ಮೂರು ನಾಲ್ಕು ತಿಂಗಳ ಕೂಸು, ತಲೆಯ ಮೇಲೊಂದು ಗಂಟು ಹೊತ್ತ ಹೆಣ್ಣುಮಗಳೊಬ್ಬಳು ಯಳಂದೂರಿನ ಕಡೆಯಿಂದ ನಡೆದು ಬಂದಳು. ಗಾಡಿಗಳನ್ನು ದಾಟಿಸುತ್ತಿರಲಿಲ್ಲವಾದ್ದರಿಂದ ಅವಳಪ್ಪ ಆಚೆ ಗೇಟಿನಲ್ಲಿ ಇಳಿಸಿ ಹಿಂದಿರುಗಿದ್ದನಂತೆ.

“ಹೆಸರು?”

“ಗೌರಮ್ಮ ಸಾ.”

ಪಟ್ಟಿ ನೋಡಿದೆ. ಇರಲಿಲ್ಲ. “ಯಾರ ಮನೆ? ಗಂಡನ ಹೆಸರೇನು?”

ಅವಳು ತಲೆ ಬಗ್ಗಿಸಿದಳು. “ದೊಡ್ಡಮನೆ ಸಾ” ಎಂದಳು, ಅಷ್ಟೇ.

“ಮಾವನ ಹೆಸರಾದರೂ ಹೇಳಮ್ಮ.”

ಉಹುಂ. ಸೆರಗು ಬಾಯಿಗೆ ಹೋಯಿತು. ಊರಿಗೊಂದು ದೊಡ್ಡಮನೆ ಇರುತ್ತದೆ, ಆ ವಾರ ಬಂದವರಲ್ಲಿ ಅರ್ಧ ಜನ ಯಾವುದೋ ದೊಡ್ಡಮನೆಯ ಹೆಸರೆತ್ತಿದ್ದರು. ನನಗೆ ರೇಗಿತು. “ಗಂಡನ ಹೆಸರೇ ಗೊತ್ತಿಲ್ಲದ ಸಂಸಾರವೋ ನಿನ್ನದು! ನಡಿ ಹಿಂದಕ್ಕೆ” ಎಂದುಬಿಟ್ಟೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ ಹಿಂದಿರುಗಿದಳು.

ಮರುದಿನ ಬೆಳಿಗ್ಗೆ ನಂಜಪ್ಪನವರು ನಗುನಗುತ್ತಾ ಗೇಟಿಗೆ ಬಂದರು. “ಸಾ, ಇವತ್ತು ನಮ್ ಸೊಸೆ ಬತ್ತಾಳೆ, ಬಾಣಂತನ ಮುಗಿಸ್ಕಂಡು. ಗಂಡು ಕೂಸು! ನಾನೇ ಕರ್ಕಂಡೋಗಾನ ಅಂತ ಬಂದೆ.”

ನಾನು ಪಟ್ಟಿಗೆ ಕೈ ಹಾಕಿದೆ. “ಹೆಸರೇನು ಅವರದು?”

“ಗೌರಮ್ಮ.”

ನಡೆದದ್ದನ್ನು ಹೇಳಿದೆ. ಅವರ ನಗು ಹಾಗೇ ಇಂಗಿಹೋಯಿತು. “ಇವತ್ತು ಸುಕ್ರವಾರ... ಹೆಣ್ಮಗಳ ಕಳಿಸಬಾರ್ದು ಅಂತ ನೆನ್ನೇನೇ ಕಳಿಸವ್ರೆ” ಎಂದು ಗೊಣಗಿದರು. ಪಟ್ಟಿ ತೆಗೆದು ಅವರದೇ ರುಜು ತೋರಿಸಿದೆ. “ಅವತ್ತು ಅವಳು ತೌರಲ್ಲಿದ್ಲು ಸಾ, ಮನೇಲಿರ್ನಿಲ್ಲ. ನೀವು ಕೇಳಿದ್ದು ಮನೇಲಿರೋರ್ನ” ಎಂದರು. ಸೊಸೆಯನ್ನು ಅವರು ಬರೆಸಲಿಲ್ಲ, ನಾನು ಕೇಳಲಿಲ್ಲ. ಅಯ್ಯೋ, ಅದಕ್ಕಿಂತ ದೊಡ್ಡ ತಪ್ಪು ನನ್ನದು. ಗಂಡನ ಹೆಸರನ್ನು, ಮಾವನ ಹೆಸರನ್ನು ನಮ್ಮ ಕಡೆ ಯಾವ ಹೆಂಗಸು ಬಾಯಿಬಿಟ್ಟು ಹೇಳುತ್ತಾಳೆ? ನನ್ನ ಹೆಂಡತಿ ಬದುಕಿನಲ್ಲಿ ಒಂದು ಸಲವೂ ನನ್ನ ಹೆಸರೆತ್ತಿದವಳಲ್ಲ. ಕಾಕಿ ಅಂಗಿ ತೊಟ್ಟ ಕೂಡಲೇ ನನಗದು ಮರೆತುಹೋಗಿತ್ತು.

ಇಬ್ಬರೂ ಯಳಂದೂರಿನ ದಾರಿ ಹಿಡಿದು ಓಡಿದೆವು. ಬಹಳ ದೂರ ಹೋಗಬೇಕಾಗಲಿಲ್ಲ. ಎರಡು ಗೇಟುಗಳ ನಡುವೆ, ತಿರುವಿನ ಮರೆಯಲ್ಲಿದ್ದ ಹುಣಸೆಮರದ ಕೆಳಗೆ ಗೌರಮ್ಮ ಕೂತಿದ್ದಳು. ಮೈಸೂರಿನವರೂ ಅವಳನ್ನು ಒಳಗೆ ಬಿಟ್ಟಿರಲಿಲ್ಲ. ತವರಿನವರು ‘ಕೊಟ್ಟ ಹೆಣ್ಣು’ ಎಂದು ಅಲ್ಲಿಯ ಪಟ್ಟಿಗೂ ಅವಳನ್ನು ಸೇರಿಸಿರಲಿಲ್ಲ. ರಾತ್ರಿಯೆಲ್ಲ ಅವಳು ಅಲ್ಲೇ ಇದ್ದಳು. ಕೂಸಿನ ಮೈ ಕಾದ ಹೆಂಚಿನಂತೆ ಸುಡುತ್ತಿತ್ತು. ಅದನ್ನು ಮಡಿಲಲ್ಲಿಟ್ಟುಕೊಂಡು ಹಣೆಗೆ ಒದ್ದೆ ಬಟ್ಟೆ ಒತ್ತುತ್ತಿದ್ದವಳು ಮುದುಕಿಯೊಬ್ಬಳು. ಮೂರು ದಿನದ ಹಿಂದೆ, ಇದೇ ಮುನಸೀಫರ ಎದುರಿಗೇ, ನಾನು ಹಿಂದಕ್ಕೆ ಅಟ್ಟಿದ್ದ ಕೂಲಿಯ ಮುದುಕಿ. ತನ್ನ ಪಾಲಿನ ಮುದ್ದೆಯನ್ನು ಗೌರಮ್ಮನಿಗೆ ಉಣ್ಣಿಸಿದ್ದಳು.

ಮಾವನನ್ನು ಕಂಡ ಗೌರಮ್ಮ ಎದ್ದು ನಿಂತಳು. ಮಾತಾಡಿದ್ದು ಮಾತ್ರ ನನ್ನೊಡನೆ. “ಸಾ, ನಾನು ಯಾವ ಸರ್ಕಾರದೋಳು?”

ನಾನು ಅವಳ ಗಂಟನ್ನು ಎತ್ತಿಕೊಂಡು ನಮ್ಮ ಗೇಟಿನ ಕಡೆ ನಡೆದೆ.

ಕೂಸು ಬದುಕಿತು. ನಾಲ್ಕು ದಿನ ಜ್ವರ ಇಳಿಯಲಿಲ್ಲ, ಐದನೆಯ ದಿನ ಹಾಲು ಕುಡಿಯಿತು. ಅಂದು ಸಂಜೆ ನಾನು ಪಟ್ಟಿ ಹಿಡಿದು ಮತ್ತೆ ಅದೇ ಜಗಲಿಗೆ ಹೋದೆ. ನಂಜಪ್ಪನವರು ನಾಲ್ಕೇ ದಿನಕ್ಕೆ ಸೊರಗಿಹೋಗಿದ್ದರು.

“ಮನೇಲಿ ಎಷ್ಟು ಜನ ಅಂತ ಇನ್ನೊಂದ್ಸಲ ಕೇಳಿ ಸಾ.”

ಕೇಳಿದೆ. ಮೊದಲು ಸೊಸೆಯ ಹೆಸರು ಹೇಳಿದರು, ಆಮೇಲೆ ಕೂಸಿನದು, ಆಮೇಲೆ ತಾವು ನಾಲ್ವರು. ನಾನು ಗೆರೆ ಎಳೆಯಲು ಹೋದಾಗ ಕೈ ಹಿಡಿದರು. ನಡುಮನೆಯ ಕಂಬಕ್ಕೊರಗಿ ಕೂಸು ತೂಗುತ್ತಿದ್ದ ಕೂಲಿಯ ಮುದುಕಿಯತ್ತ ಗಲ್ಲ ಎತ್ತಿ ಹೇಳಿದರು, “ಏಳು ಜನ ಕಣ್ ಸಾ. ಬರ್ಕಳಿ.”

ಬರೆದುಕೊಂಡೆ. ನೌಕರಿಯಲ್ಲಿ ನಾನು ಗೊತ್ತಿದ್ದೂ ಬರೆದ ತಪ್ಪು ಲೆಕ್ಕ ಅದೊಂದೇ.

ಇರುವ ರಾಗಿ ಸಾಲದಿದ್ದಾಗ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಈಗಲೂ ನನ್ನ ಅಭಿಪ್ರಾಯ ಅದೇ, ಒಳ್ಳೆಯವನೆನಿಸಿಕೊಳ್ಳಲು ಬೇರೆ ಮಾತು ಹೇಳಲಾರೆ. ಆದರೆ ಅದಾದ ಮೇಲೆ ನಾನು ಯಾವ ಪಟ್ಟಿಗೂ ಕೂತ ಜಾಗದಿಂದ ರುಜು ಹಾಕಲಿಲ್ಲ. ಗೇಟಿನ ಆಚೆ ಬದಿಗೆ ಹೋಗಿ, ಅಲ್ಲಿ ನಿಂತವರ ಮುಖ ನೋಡಿ ಬಂದು ಹಾಕುತ್ತಿದ್ದೆ.